ಕೈ ನಡುಗುವ ಹುಡುಗರೆಲ್ಲ ಕುಡುಕರಲ್ಲ

ನಿನ್ನೆ ತೀರ್ಥಹಳ್ಳಿ ಕಡೆಯ ಗೃಹಪ್ರವೇಶವೊಂದರಲ್ಲಿ ಅಕ್ಕನ ಮಗ ನೀರು ಬಡಿಸುತ್ತಿದ್ದ. ಕೈ ನಡುಗಿ ಒಬ್ಬರ ಎಲೆಯ ಮೇಲೆ ಚೆಲ್ಲಿತು. “ಇಷ್ಟು ಬೇಗ ಶುರು ಮಾಡಿದನೇ?” ಎಂದು ಅವರು ಹೆಬ್ಬೆರಳನ್ನು ಬಾಯಿಗೆ ತೋರಿಸಿದರು. ಪಂಕ್ತಿಯೇ ನಕ್ಕಿತು. ನನಗೆ ಊಟ ಇಳಿಯಲಿಲ್ಲ.

ಅವನು ಒಂದು ತೊಟ್ಟೂ ಕುಡಿದವನಲ್ಲ. ಅವನಿಗಿರುವುದು ವಿಲ್ಸನ್ ಕಾಯಿಲೆ. ನಾವು ತಿನ್ನುವ ಕಾಳುಕಡಿಗಳಲ್ಲೆಲ್ಲ ಚೂರು ತಾಮ್ರವಿರುತ್ತದೆ; ಹೆಚ್ಚಾದದ್ದನ್ನು ಯಕೃತ್ತು ಪಿತ್ತದೊಂದಿಗೆ ಹೊರಹಾಕುತ್ತದೆ. ಆ ಕೆಲಸದ ಎಟಿಪಿ7ಬಿ ಜೀನ್ ತಂದೆ, ತಾಯಿ ಇಬ್ಬರಿಂದಲೂ ಕೆಟ್ಟೇ ಬಂದಿದ್ದರೆ ತಾಮ್ರ ಯಕೃತ್ತಿನಲ್ಲಿ, ಆಮೇಲೆ ಮಿದುಳು, ಕಣ್ಣುಗಳಲ್ಲಿ ಕೂರುತ್ತದೆ. ತೋಟಕ್ಕೆ ಹೊಡೆಯುವ, ತಾಮ್ರವಿರುವ ಮೈಲುತುತ್ತದಿಂದ ಬಂತು ಎನ್ನುವವರೂ ಇದ್ದಾರೆ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಕಾಣದ ಅಡಿಕೆ ತೋಟ ಮಲೆನಾಡಿನಲ್ಲಿ ಎಷ್ಟಿವೆ? ಅದೇ ಕಾರಣವಾಗಿದ್ದರೆ ಊರಿಗೆ ಊರೇ ಹಾಸಿಗೆ ಹಿಡಿಯಬೇಕಿತ್ತು.

ಮೊದಲು ಅವನಿಗೆ ಕಾಮಾಲೆಯಾಯಿತು. ನಾಟಿ ಔಷಧಿ ಕುಡಿಸಿದರು, ಕಡಿಮೆಯಾಯಿತು ಎಂದುಕೊಂಡರು. ಆಮೇಲೆ ಮುತ್ತಿನಂತಿದ್ದ ಅಕ್ಷರ ಕೆಟ್ಟಿತು. ಶಾಲೆಯಲ್ಲಿ ಸೋಮಾರಿ ಎಂದರು. ಮಾತು ತೊದಲಿತು, ಜೊಲ್ಲು ಸುರಿಯಿತು, ಸಣ್ಣದಕ್ಕೂ ಸಿಡಿಯತೊಡಗಿದ. ದೆವ್ವ ಮೆಟ್ಟಿದೆ ಎಂದರು. ಕೈ ನಡುಗಿತು, ಈಗ ಕುಡುಕ ಎನ್ನುತ್ತಿದ್ದಾರೆ. ಒಂದೊಂದು ಲಕ್ಷಣಕ್ಕೂ ಹುಡುಗನ ನಡತೆಯ ಮೇಲೆ ಒಂದೊಂದು ತೀರ್ಪು! ಇವನನ್ನು ಪರೀಕ್ಷೆ ಮಾಡಿಸಿ ಎಂದು ಮಾತ್ರ ಯಾರೂ ಹೇಳಲಿಲ್ಲ.

ಸುಮಾರು 30 ಸಾವಿರಕ್ಕೆ ಒಬ್ಬರಲ್ಲಿ ಕಾಣುವ ಕಾಯಿಲೆ ಊರಿನವರಿಗೆ ಹೇಗೆ ತಿಳಿಯಬೇಕು ಎಂದು ಗೆಳೆಯರೊಬ್ಬರು ಕೇಳಿದರು. ಹೆಸರು ತಿಳಿಯದಿರಲಿ, ಬಾಯಿಗೆ ಬೀಗ ಹಾಕಲು ಏನು ಕಷ್ಟ? ವೈದ್ಯರಿಗಂತೂ ಇದು ಹೊಸದಲ್ಲ. ನರವೈದ್ಯ ಕಿನ್ನಿಯರ್ ವಿಲ್ಸನ್ ಇದನ್ನು ವಿವರಿಸಿದ್ದು 1912ರಲ್ಲಿ. ತಾಮ್ರವನ್ನು ಮೂತ್ರದಲ್ಲಿ ಹೊರಹಾಕಿಸುವ ಪೆನಿಸಿಲಮೈನ್ ಎಂಬ ಮಾತ್ರೆ 1956ರಿಂದಲೇ ಇದೆ. ಕಣ್ಣಿನ ವೈದ್ಯರು ಕಣ್ಣನ್ನು ದೊಡ್ಡದಾಗಿ ತೋರಿಸುವ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರೆ ಕರಿಗುಡ್ಡೆಯ ಅಂಚಿನಲ್ಲಿ ಕಂದು-ಹಸಿರು ಉಂಗುರ ಕಾಣಬಹುದು. ನರದ ಲಕ್ಷಣಗಳಿರುವ ಬಹುತೇಕರಲ್ಲಿ ಅದು ಇರುತ್ತದೆ. ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನಾದ ಸೆರುಲೋಪ್ಲಾಸ್ಮಿನ್, 24 ಗಂಟೆಯ ಮೂತ್ರದಲ್ಲಿ ತಾಮ್ರ: ಇಷ್ಟು ಪರೀಕ್ಷೆ ಬರೆದುಕೊಡಲು ಯಾರಾದರೂ ಒಬ್ಬರಿಗೆ ಅನುಮಾನ ಬರಬೇಕಿತ್ತು. ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗುವಷ್ಟರಲ್ಲಿ ಅವನು ಚೊಂಬು ಎತ್ತಲಾರದಂತಾಗಿದ್ದ. ಈಗ ನೀರು ಬಡಿಸುವ ಮಟ್ಟಕ್ಕೆ ಬಂದಿದ್ದಾನೆ. ನೀವು ನಕ್ಕಿದ್ದು ಆ ಕೈಯನ್ನು ನೋಡಿ.

ಮನೆಯಲ್ಲಿ ಒಬ್ಬರಿಗೆ ಇದ್ದರೆ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಿಕೆಯ ಮದುವೆಗಳಾದ ಮನೆಗಳಲ್ಲಂತೂ ಇನ್ನಷ್ಟು ಎಚ್ಚರ ಬೇಕು. ಅವನ ತಂಗಿಗೆ ಒಂದು ಲಕ್ಷಣವೂ ಇರಲಿಲ್ಲ, ಪರೀಕ್ಷೆಯಲ್ಲಿ ಕಾಯಿಲೆ ಸಿಕ್ಕಿತು. ತಾಮ್ರ ಮೈಗೆ ಹತ್ತದಂತೆ ತಡೆಯುವ ಸತುವಿನ ಮಾತ್ರೆ ತೆಗೆದುಕೊಳ್ಳುತ್ತಾ ಚೆನ್ನಾಗಿದ್ದಾಳೆ. ಇಬ್ಬರೂ ಬದುಕಿರುವವರೆಗೂ ಮಾತ್ರೆ ಬಿಡುವಂತಿಲ್ಲ. ಬಿಟ್ಟರೆ ಯಕೃತ್ತು ಕೈಕೊಟ್ಟು ಜೀವಕ್ಕೇ ಕುತ್ತು ಬರಬಹುದು.

ಇನ್ನು, ರಾತ್ರಿಯಿಡೀ ತಾಮ್ರದ ಚೊಂಬಿನಲ್ಲಿಟ್ಟ ನೀರು ಕುಡಿಸಿ, ಎಲ್ಲ ಸರಿಹೋಗುತ್ತದೆ ಎಂದು ಅಕ್ಕನ ಮೊಬೈಲ್‌ಗೆ ಸಂದೇಶ ಕಳಿಸುತ್ತಿರುವವರು ದಯವಿಟ್ಟು ಇವತ್ತೇ ನಿಲ್ಲಿಸಿ. ಆ ಮಕ್ಕಳು ಮುಟ್ಟಬಾರದ ನೀರು ಅದು.