ಉಳಿತಾಯ ಯಾರದ್ದು?

ಸಂಶೋಧನೆಯ ಅನುದಾನವನ್ನು ಒಂದೆರಡು ವರ್ಷ ನಿಲ್ಲಿಸಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಆಮೇಲೆ ಕೊಟ್ಟರಾಯಿತು, ಚಿಕಿತ್ಸೆಯ ಖರ್ಚನ್ನೂ ಕಡಿತ ಮಾಡಬಹುದು ಎಂದಿದ್ದಾರೆ ನಾನು ಓದಿದ ಲೇಖನವೊಂದರ ಲೇಖಕರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೀಗ ಹಾಕಿ ಹೋಗಿ, ಬೇಕೆಂದಾಗ ಬಂದು ತೆಗೆಯಲು ಪ್ರಯೋಗಾಲಯವೇನು ಗೋದಾಮೇ? ಬೆಳೆಸುತ್ತಿರುವ ಜೀವಕೋಶಗಳಿಗೆ ಎರಡು ಮೂರು ದಿನಕ್ಕೊಮ್ಮೆ ಪೋಷಕ ದ್ರವ ಬದಲಿಸಬೇಕು, ಭಾನುವಾರವಾದರೂ ಯಾರಾದರೂ ಬರಲೇಬೇಕು. ರಕ್ತದ ಮಾದರಿಗಳು ಮೈನಸ್ 80 ಡಿಗ್ರಿಯ ಫ್ರೀಜರ್‌ನಲ್ಲಿರುತ್ತವೆ. ಅದು ಕೆಟ್ಟಾಗ ರಿಪೇರಿಗೆ ದುಡ್ಡಿಲ್ಲ ಎಂದರೆ ವರ್ಷಗಟ್ಟಲೆ ಪಟ್ಟ ಶ್ರಮವೆಲ್ಲ ಕರಗಿ ನೀರು. ಕೆಲಸ ಕಲಿತ ಹುಡುಗ ಹುಡುಗಿಯರು ಬೇರೆ ನೌಕರಿ ಹಿಡಿದ ಮೇಲೆ ದುಡ್ಡು ಬಂದರೆ ಯಾರಿಗೆ?

ಕೆಲವು ಕೋವಿಡ್ ಲಸಿಕೆಗಳಿಗೆ ಬುನಾದಿಯಾದ ಎಂಆರ್‌ಎನ್‌ಎ (ಯಾವ ಪ್ರೋಟೀನ್ ತಯಾರಿಸಬೇಕೆಂದು ಜೀವಕೋಶಕ್ಕೆ ಹೇಳುವ ಅಣು) ಕೆಲಸವನ್ನೇ ನೋಡಿ. ಅದರಲ್ಲಿ ತೊಡಗಿದ್ದ ವಿಜ್ಞಾನಿ ಕಟಾಲಿನ್ ಕರಿಕೊ ಅವರ ಅನುದಾನದ ಅರ್ಜಿಗಳು 1990ರ ದಶಕದಲ್ಲಿ ಮೇಲಿಂದ ಮೇಲೆ ತಿರಸ್ಕೃತವಾದವು, ಹುದ್ದೆಯಲ್ಲಿ ಹಿಂಬಡ್ತಿಯೂ ಆಯಿತು. ಮುಖ್ಯ ಪ್ರಬಂಧ ಬಂದದ್ದು 2005ರಲ್ಲಿ, ಲಸಿಕೆ 2020ರಲ್ಲಿ, ನೊಬೆಲ್ 2023ರಲ್ಲಿ. ಇದು ಯಾವ ಬಜೆಟ್ ವರ್ಷದ ಲೆಕ್ಕಕ್ಕೆ ಕೂರುತ್ತದೆ ಹೇಳಿ. (ಅವರಷ್ಟು ಹಠ ಎಲ್ಲರಿಗೂ ಇರುವುದಿಲ್ಲ ಬಿಡಿ.)

ಚಿಕಿತ್ಸೆಗೆ ಸರ್ಕಾರ ಮಾಡುವ ಖರ್ಚಿನ ಕಡಿತವೂ ಅಷ್ಟೇ. ಬಿಪಿ ಮಾತ್ರೆ ಕೈಗೆಟುಕದಿದ್ದರೆ ರೋಗಿ ದಿನ ಬಿಟ್ಟು ದಿನ ನುಂಗುತ್ತಾನೆ. ಲಕ್ವ ಹೊಡೆದು ಐಸಿಯು ಸೇರಿದಾಗ ಬಿಲ್ಲು ಅದೇ ಬೊಕ್ಕಸಕ್ಕೆ, ಇಲ್ಲವೇ ಮನೆಯವರ ತಲೆಗೆ.