ಕುಳಿತಲ್ಲಿ ಕೂರದ ಮಗುವಿಗೆ ಎಂಆರ್‌ಐ ಬೇಡ

ಮಾನ್ವಿ, ಸಿಂಧನೂರು ಕಡೆಯ ಪಾಲಕರು ಈಚೆಗೆ ನನ್ನನ್ನು ಪದೇ ಪದೇ ಕೇಳುತ್ತಿದ್ದಾರೆ: “ಸರ್, ಹುಡುಗ ಒಂದು ಕಡೆ ಕೂರುವುದಿಲ್ಲ, ಹೇಳಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಒಂದು ಸಲ ತಲೆ ಸ್ಕ್ಯಾನ್ ಮಾಡಿಸಿಬಿಡೋಣವೇ?” ಈ ಪ್ರಶ್ನೆ ಬರುವ ಹೊತ್ತಿಗೆ ಹುಡುಗನ ಕೊರಳಿಗೆ ತಾಯತ ಬಿದ್ದಿರುತ್ತದೆ, ಶಾಲೆಯಲ್ಲಿ ಉಡಾಳ ಎಂಬ ಹೆಸರೂ ಬಂದಿರುತ್ತದೆ. ಪ್ರಾಥಮಿಕ ಶಾಲೆಯ ಶಿಕ್ಷಕನಾಗಿ ನನ್ನ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಶಾಲೆಯ ಗೇಟಿನಲ್ಲಿ ನಿಂತು ಎರಡು ಮಾತಿನಲ್ಲಿ ಮುಗಿಸುವ ವಿಷಯ ಇದಲ್ಲ.

ಮೊದಲು ಒಂದು ಮಾತು ಒಪ್ಪಿಕೊಳ್ಳೋಣ. ಗಮನಕ್ಕೂ ಮಿದುಳಿನ ರಚನೆಗೂ ಸಂಬಂಧ ಇದೆ. ಹಣೆಯ ಹಿಂದೆಯೇ ಇರುವ ಮಿದುಳಿನ ಮುಂಭಾಗವನ್ನು ಪ್ರಿಫ್ರಂಟಲ್ ಕಾರ್ಟೆಕ್ಸ್ ಎನ್ನುತ್ತಾರೆ. ಕೈ ಮುಂದಾದಾಗ ತಡೆದುಕೊಳ್ಳುವುದು, ಶಿಕ್ಷಕರು ಹೇಳಿದ ಮೂರು ಸೂಚನೆಗಳನ್ನು ಕೆಲಸ ಮುಗಿಯುವ ತನಕ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು, ಗಣಿತದಿಂದ ಕನ್ನಡಕ್ಕೆ ಮನಸ್ಸನ್ನು ಹೊರಳಿಸುವುದು, ಇವೆಲ್ಲಕ್ಕೂ ಈ ಭಾಗ ಬೇಕು. ಇದು ಒಂಟಿಯಾಗಿಯೂ ಕೆಲಸ ಮಾಡುವುದಿಲ್ಲ. ಮಿದುಳಿನ ಆಳದಲ್ಲಿರುವ ಕಾಡೇಟ್, ಪುಟಾಮೆನ್ ಎಂಬ ಭಾಗಗಳ ಜೊತೆಗೂ ಹಿಂಬದಿಯ ಕಿರುಮಿದುಳಿನ ಜೊತೆಗೂ ನರತಂತುಗಳ ಮೂಲಕ ಸದಾ ಸಂಪರ್ಕದಲ್ಲಿರುತ್ತದೆ. ಡೋಪಮಿನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹದವಾಗಿದ್ದರೆ ಮಾತ್ರ ಆ ಸಂಪರ್ಕ ಸುಗಮ. ಮಿದುಳಿನಲ್ಲಿ ಎಲ್ಲಕ್ಕಿಂತ ತಡವಾಗಿ ಮಾಗುವುದೂ ಈ ಮುಂಭಾಗವೇ. ಅದರ ಬೆಳವಣಿಗೆ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತದೆ. ಎರಡನೇ ತರಗತಿಯ ಮಗು ನಲವತ್ತು ನಿಮಿಷ ಅಲುಗಾಡದೆ ಕೂರಬೇಕೆಂದು ಬಯಸುವವರು ಇದನ್ನು ನೆನಪಿಡಬೇಕು.

ಗಮನದ ಕೊರತೆ ಮತ್ತು ಅತಿಚಟುವಟಿಕೆ, ಅಂದರೆ ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಈ ಮಾಗುವಿಕೆ ಇನ್ನೂ ತಡ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಡಿಎಚ್‌ಡಿ ಇದ್ದ 223 ಮಕ್ಕಳನ್ನೂ ಇಲ್ಲದ 223 ಮಕ್ಕಳನ್ನೂ ಹೋಲಿಸಿದ್ದರು. ಮಿದುಳಿನ ಹೊರಪದರ ಗರಿಷ್ಠ ದಪ್ಪಕ್ಕೆ ಬರುವ ವಯಸ್ಸು ಇತರ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷ, ಎಡಿಎಚ್‌ಡಿ ಇದ್ದವರಲ್ಲಿ ಹತ್ತೂವರೆ. ಅಂತರ ಹೆಚ್ಚಾಗಿ ಕಂಡದ್ದು ಮುಂಭಾಗದಲ್ಲಿ. ಅದೇ ಮಕ್ಕಳಲ್ಲಿ ಕೈಕಾಲುಗಳ ಚಲನೆಯನ್ನು ನೋಡಿಕೊಳ್ಳುವ ಭಾಗ ಮಾತ್ರ ತುಸು ಬೇಗನೆ ಮಾಗಿತ್ತು. ಇದನ್ನು ಓದಿದಾಗ ನನ್ನ ತರಗತಿಯ ಎಷ್ಟೋ ಮುಖಗಳು ಕಣ್ಣ ಮುಂದೆ ಬಂದವು. ಓಡುವ ಶಕ್ತಿ ಮೊದಲು ಬಂದಿದೆ, ನಿಲ್ಲಿಸುವ ಶಕ್ತಿ ಇನ್ನೂ ದಾರಿಯಲ್ಲಿದೆ. ತಡ ಎಂದ ಮಾತ್ರಕ್ಕೆ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆ ಎಂದೂ ತಿಳಿಯಬಾರದು. ಅನೇಕರಲ್ಲಿ ಈ ತೊಂದರೆ ದೊಡ್ಡವರಾದ ಮೇಲೂ ಉಳಿಯುತ್ತದೆ.

ಹಾಗಾದರೆ ಸ್ಕ್ಯಾನ್ ಏಕೆ ಬೇಡ? 2017ರಲ್ಲಿ ಹಲವು ದೇಶಗಳ ಮೂರು ಸಾವಿರಕ್ಕೂ ಹೆಚ್ಚು ಜನರ ಎಂಆರ್‌ಐ ಚಿತ್ರಗಳನ್ನು ಒಟ್ಟುಗೂಡಿಸಿ ನೋಡಿದರು. ಎಡಿಎಚ್‌ಡಿ ಇದ್ದವರಲ್ಲಿ ಕಾಡೇಟ್, ಪುಟಾಮೆನ್ ಸೇರಿದಂತೆ ಕೆಲವು ಭಾಗಗಳ ಗಾತ್ರ ಸರಾಸರಿಯಲ್ಲಿ ಸ್ವಲ್ಪ ಕಡಿಮೆ ಇತ್ತು. ಅದರಲ್ಲೂ ಮಕ್ಕಳಲ್ಲಿ. ಆದರೆ ಆ ವ್ಯತ್ಯಾಸ ಬಹಳ ಸಣ್ಣದು. ನಮ್ಮ ಎರಿ ಭೂಮಿಯ ಎರಡು ಜೋಳದ ಹೊಲಗಳಲ್ಲಿ ಒಂದರ ಬೆಳೆ ಸರಾಸರಿಯಲ್ಲಿ ಒಂದು ಬೆರಳು ಗಿಡ್ಡ ಇದೆ ಎಂದುಕೊಳ್ಳಿ. ಒಂದೇ ಒಂದು ದಂಟನ್ನು ಕಿತ್ತು ತಂದು ತೋರಿಸಿದರೆ ಅದು ಯಾವ ಹೊಲದ್ದೆಂದು ಯಾವ ರೈತನೂ ಹೇಳಲಾರ. ಒಂದು ಮಗುವಿನ ಸ್ಕ್ಯಾನ್ ಕೂಡ ಹಾಗೆಯೇ. ಫಿಟ್ಸ್, ತಲೆಗೆ ಪೆಟ್ಟು ಮುಂತಾದ ಬೇರೆ ಅನುಮಾನವಿದ್ದರೆ ವೈದ್ಯರೇ ಬರೆದುಕೊಡುತ್ತಾರೆ, ಆಗ ಮಾಡಿಸಿ. ಗಮನ ನಿಲ್ಲುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಯಂತ್ರದೊಳಗೆ ಮಗುವನ್ನು ಮಲಗಿಸಿದರೆ ‘ನಾರ್ಮಲ್’ ಎಂಬ ವರದಿ ಬರುತ್ತದೆ. ಅದನ್ನು ಹಿಡಿದು ಮನೆಯವರು, “ಮಿದುಳು ಸರಿಯಿದೆಯಂತೆ, ಹಾಗಾದರೆ ಇದು ಬರೀ ಸೊಕ್ಕು” ಎಂದು ತೀರ್ಮಾನಿಸುತ್ತಾರೆ. ನನಗೆ ನೋವಾಗುವುದು ಇಲ್ಲಿ. ಖರ್ಚು ಮಾಡಿ ತಂದ ಕಾಗದವೇ ಮಗುವಿನ ವಿರುದ್ಧ ಸಾಕ್ಷಿಯಾಗುತ್ತದೆ.

ಎಡಿಎಚ್‌ಡಿಯನ್ನು ಗುರುತಿಸುವುದು ಮಾತಿನಿಂದ, ಗಮನಿಸುವಿಕೆಯಿಂದ. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆಯಂಥ ಎರಡಾದರೂ ಕಡೆ ತೊಂದರೆ ಕೊಡುತ್ತಿರಬೇಕು. ಹೀಗಾಗಿ ವೈದ್ಯರಿಗೆ ತಾಯಿಯ ಮಾತೂ ಬೇಕು, ಶಿಕ್ಷಕರ ಮಾತೂ ಬೇಕು. ಹೆಣ್ಣುಮಕ್ಕಳ ಬಗ್ಗೆ ವಿಶೇಷವಾಗಿ ಹೇಳಬೇಕು. ಅವರಲ್ಲಿ ಅನೇಕರು ಗಲಾಟೆ ಮಾಡುವುದಿಲ್ಲ, ಕಿಟಕಿಯ ಕಡೆ ನೋಡುತ್ತ ಸುಮ್ಮನೆ ಕುಳಿತಿರುತ್ತಾರೆ. ಯಾರಿಗೂ ತೊಂದರೆ ಇಲ್ಲವಾದ್ದರಿಂದ ಯಾರೂ ವಿಚಾರಿಸುವುದಿಲ್ಲ.

ಗಮನ ಇಲ್ಲದ ಮಗುವಿಗೆಲ್ಲ ಎಡಿಎಚ್‌ಡಿ ಇರುವುದಿಲ್ಲ ಎಂಬುದು ನಮ್ಮ ಭಾಗದಲ್ಲಂತೂ ಬಹಳ ಮುಖ್ಯ. ಡೋಪಮಿನ್ ತಯಾರಾಗಲು ಕಬ್ಬಿಣಾಂಶ ಬೇಕು, ನರತಂತುಗಳ ಹೊದಿಕೆ ಬೆಳೆಯಲೂ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಪ್ರತಿ ಮೂವರು ಮಕ್ಕಳಲ್ಲಿ ಸುಮಾರು ಇಬ್ಬರಿಗೆ ರಕ್ತಹೀನತೆ ಇದೆ. ಶಾಲೆಯಲ್ಲಿ ಕೊಡುವ ಗುಲಾಬಿ, ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಗಳನ್ನು ಮಕ್ಕಳು ಕಿಟಕಿಯಾಚೆ ಎಸೆಯದಂತೆ ನೋಡಿಕೊಳ್ಳುವುದೂ ಪಾಠ ಮಾಡಿದಷ್ಟೇ ದೊಡ್ಡ ಕೆಲಸ. ರಕ್ತ, ಕಣ್ಣು, ಕಿವಿ ಪರೀಕ್ಷೆ ಮೊದಲು ಆಗಲಿ. ನಿದ್ದೆಯನ್ನೂ ಕೇಳಿ. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಮಗು ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತದೆ, ಏನನ್ನು ನೆನೆದು ಎಚ್ಚರವಾಗುತ್ತದೆ ಎಂದು ಕೇಳಿದವರು ಯಾರು? ನಿದ್ದೆಗೆಟ್ಟಾಗ, ಹೆದರಿದಾಗ ಮೊದಲು ಸೋಲುವುದು ಅದೇ ಮುಂಭಾಗ. ಬೆತ್ತದ ಭಯದಲ್ಲಿ ಮಗು ಅಲುಗಾಡದೆ ಕೂರಬಹುದು, ಪಾಠ ಮಾತ್ರ ಒಳಗೆ ಇಳಿಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಮನೋವೈದ್ಯರ ಬಳಿ ಹೋಗಲು ಹಿಂಜರಿಯುವವರಿಗೆ ಒಂದು ಸಂಗತಿ ತಿಳಿದಿರಲಿ. ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸಬಹುದೆಂದು 1985ರಿಂದ 1990ರವರೆಗೆ ನಿಮ್ಹಾನ್ಸ್ ಮಾಡಿ ತೋರಿಸಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಇಡೀ ದೇಶಕ್ಕೆ ದಾರಿ ತೋರಿಸಿದ ಸೀಮೆ ನಮ್ಮದು. ರಾಯಚೂರಿನ ರಿಮ್ಸ್‌ನಲ್ಲಾಗಲಿ ಬಳ್ಳಾರಿಯಲ್ಲಾಗಲಿ ಮನೋವೈದ್ಯಕೀಯ ವಿಭಾಗದ ಬಾಗಿಲಲ್ಲಿ ಕುಳಿತರೆ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ನಮಗೆ ಒಪ್ಪುವುದಿಲ್ಲ. ಆರು ವರ್ಷದೊಳಗಿನ ಮಕ್ಕಳಾದರೆ ಮೊದಲು ಕೊಡುವುದು ತಂದೆತಾಯಿಗೆ ತರಬೇತಿ. ದೊಡ್ಡ ಮಕ್ಕಳಿಗೆ ಬೇಕಾದರೆ ಮಾತ್ರೆ ಬರೆಯುತ್ತಾರೆ. ಅದು ಮಗುವನ್ನು ಮಂಕು ಮಾಡಲೆಂದು ಕೊಡುವ ಔಷಧವಲ್ಲ. ಮಂಕಾದಂತೆ ಕಂಡರೆ ವೈದ್ಯರಿಗೆ ತಿಳಿಸಿ, ಪ್ರಮಾಣ ಬದಲಿಸುತ್ತಾರೆ.

ಇನ್ನು ಶಿಕ್ಷಕ ಮಿತ್ರರಿಗೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆಗೆ ಶಾಲೆಗೆ ಬರುತ್ತದಲ್ಲ, ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿ ಕೂಡ ಇದೆ. ಹಲ್ಲು, ಚರ್ಮ, ತೂಕ ನೋಡಿ ಹೊರಡುವ ಮುನ್ನ ಅವರನ್ನು ನಿಲ್ಲಿಸಿ, ನಿಮ್ಮ ಅನುಮಾನ ಇರುವ ಮಕ್ಕಳ ಹೆಸರು ಬರೆಸಿ. ಅವರು ಬರುವವರೆಗೆ ಆ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಕಪ್ಪುಹಲಗೆ ಒರೆಸಲು, ಹಾಜರಿ ಪುಸ್ತಕ ತರಲು ಅವನನ್ನೇ ಎಬ್ಬಿಸಿ ಕಳುಹಿಸಿ.