ಸರಳವಾಗಿ ಬರೆದರೆ ತೂಕ ಹೋಗುವುದಿಲ್ಲ

ರಾಜಕೀಯ ಶಾಸ್ತ್ರದ ಹೊಸ ಸಂಶೋಧನೆಯನ್ನು ಎಲ್ಲರಿಗೂ ಅರ್ಥವಾಗುವಂತೆ ಬರೆದರೆ ಅದರ ತೂಕ ಕಡಿಮೆ ಆಗುತ್ತದೆ ಎಂದಿದ್ದೀರಿ ಸರ್, ನಾನಂತೂ ಒಪ್ಪುವುದಿಲ್ಲ. 2006ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ನಡೆದ ಪ್ರಯೋಗವನ್ನೇ ನೋಡಿ. ನೀವು, ನಿಮ್ಮ ಅಕ್ಕಪಕ್ಕದವರು ಹಿಂದಿನ ಸಲ ಮತ ಹಾಕಿದ್ದೀರಾ ಇಲ್ಲವಾ ಎಂದು ಹೆಸರು ಸಮೇತ ಅಚ್ಚಾದ ಕಾಗದ ಕೆಲವು ಮತದಾರರ ಮನೆಗೆ ಬಂತು, ಈ ಸಲದ್ದನ್ನೂ ಅವರಿಗೆಲ್ಲ ತಿಳಿಸುತ್ತೇವೆ ಎಂಬ ಮಾತಿನ ಜೊತೆ. ಯಾವ ಕಾಗದವೂ ಬಾರದವರಲ್ಲಿ ಮತ ಹಾಕಿದವರು ಶೇ 29.7, ಇದು ಬಂದವರಲ್ಲಿ ಶೇ 37.8! ಇದರಲ್ಲಿ ಅರ್ಥವಾಗದ್ದು ಏನಿದೆ? ಅದು ಒಂದೇ ರಾಜ್ಯದ ಪ್ರಾಥಮಿಕ ಚುನಾವಣೆ (ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಚುನಾವಣೆ) ಎಂಬುದನ್ನು ಬಿಟ್ಟು, ನಾಚಿಕೆ ಆದರೆ ಜನ ಮತ ಹಾಕುತ್ತಾರೆ ಎಂದು ಸುಮ್ನೆ ತಲೆಬರಹ ಕೊಟ್ಟಾಗಲೇ ತೂಕ ಹೋಗುವುದು, ಅಲ್ವಾ? ದಯವಿಟ್ಟು ಇಂಥದ್ದನ್ನು ಬಿಡಿಸಿ ಬರೆಯಿರಿ, ಓದುತ್ತೇವೆ.